ನಿಮ್ಮ ಪ್ರೊಫೈಲ್ ಯಾವ ವರ್ಷಕ್ಕೆ ನಿಂತಿದೆ?

ಕಾಲೇಜು, ವಿಶ್ವವಿದ್ಯಾಲಯಗಳ ಅಧ್ಯಾಪಕರು ತಮ್ಮ ಆನ್‌ಲೈನ್ ಪ್ರೊಫೈಲ್ ಕುರಿತು ಕಳಿಸಿದ ಪ್ರಶ್ನೆಗಳಿಗೆ ಈ ಸಲ ಉತ್ತರ ಕೊಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಂದಾಗಿಸಿದ್ದೇವೆ.

ಪ್ರಶ್ನೆ: ಕಾಲೇಜಿನ ವೆಬ್‌ಸೈಟ್, ವಿದ್ವಾನ್, ಗೂಗಲ್ ಸ್ಕಾಲರ್, ಆರ್ಕಿಡ್, ರಿಸರ್ಚ್‌ಗೇಟ್, ಲಿಂಕ್ಡ್‌ಇನ್ ಹೀಗೆ ಆರು ಕಡೆ ನನ್ನ ಪುಟ ಇದೆ. ಲೇಖನಗಳ ಲೆಕ್ಕ ಒಂದು ಕಡೆ ಇದ್ದಂತೆ ಇನ್ನೊಂದು ಕಡೆ ಇಲ್ಲ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಕೆಲಸ ಶುರುವಾಗಿದೆ, ಎಲ್ಲ ಸರಿ ಮಾಡಿಕೊಳ್ಳಿ ಎಂದು ಐಕ್ಯೂಎಸಿ (ಕಾಲೇಜಿನೊಳಗಿನ ಗುಣಮಟ್ಟ ಘಟಕ) ಸಂಯೋಜಕರು ಹೇಳಿದ್ದಾರೆ. ಎಲ್ಲಿಂದ ಹಿಡಿಯಲಿ?
— ಸಹಾಯಕ ಪ್ರಾಧ್ಯಾಪಕಿ, ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಹಾಸನ ಜಿಲ್ಲೆ

ಉತ್ತರ: ಆರಕ್ಕೂ ಒಟ್ಟಿಗೆ ಕೈ ಹಾಕಬೇಡಿ. ಮೊದಲು ಸಂಶೋಧಕರಿಗೆ ಗುರುತಿನ ಸಂಖ್ಯೆ ಕೊಡುವ ಆರ್ಕಿಡ್ ಒಂದನ್ನು ಪೂರ್ತಿ ಸರಿ ಮಾಡಿ. 2012ರಿಂದ ನಡೆಯುತ್ತಿರುವ ಈ ವ್ಯವಸ್ಥೆಯಲ್ಲಿ ಸಿಗುವ 16 ಅಂಕಿಯ ಸಂಖ್ಯೆ ನಿಮ್ಮದು, ಕಾಲೇಜಿನದಲ್ಲ. ವರ್ಗಾವಣೆಯಾದರೂ, ಕೆಲಸ ಬಿಟ್ಟರೂ ಅದು ಬದಲಾಗುವುದಿಲ್ಲ. ಶುಲ್ಕವಿಲ್ಲ. ಪ್ರಕಾಶಕರು, ಸ್ಕೋಪಸ್ (ಲೇಖನ, ಉಲ್ಲೇಖಗಳ ದೊಡ್ಡ ಸೂಚಿ), ವಿದ್ವಾನ್ ಎಲ್ಲರೂ ಅದರಿಂದ ಮಾಹಿತಿ ಎಳೆದುಕೊಳ್ಳಬಲ್ಲರು. ಕೆಲವರ ಸಂಖ್ಯೆಯ ಕೊನೆಯಲ್ಲಿ ಎಕ್ಸ್ ಅಕ್ಷರ ಇರುತ್ತದೆ. ಅದು ತಪ್ಪಲ್ಲ, ಪರಿಶೀಲನಾ ಅಂಕಿ, ಬಿಟ್ಟು ಬರೆಯಬೇಡಿ.

ಲಾಗಿನ್ ಆದ ಕೂಡಲೇ ಸೆಟ್ಟಿಂಗ್ಸ್‌ಗೆ ಹೋಗಿ ಎರಡು ಇಮೇಲ್ ಸೇರಿಸಿ: ಒಂದು ಕಾಲೇಜಿನದು, ಒಂದು ಸ್ವಂತದ್ದು. ಕಾಲೇಜಿನ ಇಮೇಲ್ ಮಾತ್ರ ಕೊಟ್ಟವರು ಅದು ನಿಂತ ದಿನ ಪಾಸ್‌ವರ್ಡ್ ಮರೆತರೆ ತಮ್ಮದೇ ದಾಖಲೆಯ ಹೊರಗೆ ಉಳಿಯುತ್ತಾರೆ. ಆಮೇಲೆ ವಿಸಿಬಿಲಿಟಿ ನೋಡಿ. ಎಲ್ಲರಿಗೂ, ನಂಬಿದ ಸಂಸ್ಥೆಗಳಿಗೆ, ನನಗೆ ಮಾತ್ರ ಎಂದು ಮೂರು ಆಯ್ಕೆಗಳಿವೆ. ಲೇಖನಗಳೂ ಹುದ್ದೆಯೂ ‘ಎಲ್ಲರಿಗೂ’ ಎಂದಿರಲಿ. ‘ನನಗೆ ಮಾತ್ರ’ ಎಂದಿದ್ದರೆ ನೀವು ನೂರು ಲೇಖನ ಸೇರಿಸಿದರೂ ಹೊರಗಿನವರಿಗೆ ಖಾಲಿ ಪುಟವೇ ಕಾಣುತ್ತದೆ. ‘ಆರ್ಕಿಡ್‌ನಲ್ಲಿ ಎಲ್ಲಾ ಹಾಕಿದ್ದೇನೆ, ವಿದ್ವಾನ್‌ಗೆ ಬರುತ್ತಿಲ್ಲ’ ಎನ್ನುವವರು ಮೊದಲು ನೋಡಬೇಕಾದ್ದೂ ಇದನ್ನೇ.

ಲೇಖನ ಸೇರಿಸುವಾಗ ಟೈಪ್ ಮಾಡಲು ಕೂರಬೇಡಿ. ವರ್ಕ್ಸ್ ವಿಭಾಗದಲ್ಲಿ ‘ಆ್ಯಡ್’ ಒತ್ತಿ ‘ಸರ್ಚ್ ಆ್ಯಂಡ್ ಲಿಂಕ್’ ಮೂಲಕ ಕ್ರಾಸ್‌ರೆಫ್ (ಪ್ರಕಾಶಕರು ಲೇಖನಗಳನ್ನು ನೋಂದಾಯಿಸುವ ಸಂಸ್ಥೆ) ಆರಿಸಿಕೊಂಡು ಶೀರ್ಷಿಕೆ ಹುಡುಕಿ, ಇಲ್ಲವೇ ಡಿಒಐ (ಲೇಖನಕ್ಕೆ ಕೊಡುವ ಶಾಶ್ವತ ಗುರುತು) ಸಂಖ್ಯೆ ಕೊಟ್ಟು ತರಿಸಿಕೊಳ್ಳಿ. ಸಂಪುಟ, ಸಂಚಿಕೆ, ಪುಟ, ಸಹಲೇಖಕರ ಹೆಸರು ಪ್ರಕಾಶಕರು ದಾಖಲಿಸಿದಂತೆಯೇ ಬರುತ್ತವೆ. ಮುಂದಿನ ಲೇಖನ ಅಚ್ಚಾದಾಗ ಆರ್ಕಿಡ್ ಇನ್‌ಬಾಕ್ಸ್‌ಗೆ ಕ್ರಾಸ್‌ರೆಫ್ ಒಂದು ಅನುಮತಿ ಕೋರಿಕೆ ಕಳಿಸುತ್ತದೆ. ಅದಕ್ಕೆ ಒಮ್ಮೆ ಒಪ್ಪಿದರೆ ಅಲ್ಲಿಂದ ಮುಂದಿನವು ತಾವಾಗಿ ಸೇರುತ್ತವೆ. ಇಲ್ಲೊಂದು ತೊಡಕಿದೆ. ಲೇಖನ ಸಲ್ಲಿಸುವಾಗ ಅನೇಕ ಪತ್ರಿಕೆಗಳು ಪತ್ರವ್ಯವಹಾರದ ಲೇಖಕರ ಆರ್ಕಿಡ್ ಸಂಖ್ಯೆಯನ್ನಷ್ಟೇ ಕಡ್ಡಾಯವಾಗಿ ಕೇಳುತ್ತವೆ. ನೀವು ಎರಡನೆಯ ಅಥವಾ ಮೂರನೆಯ ಲೇಖಕಿಯಾಗಿದ್ದರೆ ನಿಮ್ಮ ಸಂಖ್ಯೆ ಪ್ರಕಾಶಕರಿಗೆ ತಲುಪಿರುವುದೇ ಇಲ್ಲ, ಆದ್ದರಿಂದ ಲೇಖನವೂ ತಾನಾಗಿ ಬರುವುದಿಲ್ಲ. ಸಲ್ಲಿಕೆಗೆ ಮೊದಲೇ ನಿಮ್ಮ ಸಂಖ್ಯೆ ಸೇರಿಸಲು ಪತ್ರವ್ಯವಹಾರದ ಲೇಖಕರಿಗೆ ಹೇಳಿ.

ಆರ್ಕಿಡ್ ಸರಿಯಾದ ಮೇಲೆ ವಿದ್ವಾನ್‌ಗೆ ಬನ್ನಿ. ಗುಜರಾತಿನ ಗಾಂಧಿನಗರದಲ್ಲಿರುವ ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ, ಅಧ್ಯಾಪಕರ ವಿವರಗಳ ಈ ತಾಣದಲ್ಲಿ ನಿಮ್ಮ ಆರ್ಕಿಡ್, ಸ್ಕೋಪಸ್, ಗೂಗಲ್ ಸ್ಕಾಲರ್ ಐಡಿಗಳನ್ನು ತುಂಬಿ. ನಿಮ್ಮ ಸಂಸ್ಥೆಗೆ ಐರಿನ್ಸ್ (ಸಂಸ್ಥೆಯ ಅಧ್ಯಾಪಕರೆಲ್ಲರ ಸಂಶೋಧನೆ ತೋರಿಸುವ) ಪುಟ ಇದ್ದರೆ ಅದೂ ವಿದ್ವಾನ್ ದಾಖಲೆಯನ್ನೇ ಆಧರಿಸಿದ್ದು, ಹಾಗಾಗಿ ತಿದ್ದುವುದು ವಿದ್ವಾನ್‌ನಲ್ಲಿ.

ಲೆಕ್ಕ ತಾಳೆಯಾಗದ ಬಗ್ಗೆ: ಅದು ತಾಳೆಯಾಗುವುದೂ ಇಲ್ಲ. ಸ್ಕೋಪಸ್ ತಾನು ಆರಿಸಿಕೊಂಡ ಪತ್ರಿಕೆ, ಪುಸ್ತಕ, ಸಮ್ಮೇಳನ ಸಂಪುಟಗಳನ್ನು ಮಾತ್ರ ಎಣಿಸುತ್ತದೆ. ಗೂಗಲ್ ಸ್ಕಾಲರ್ ಪ್ರಬಂಧ, ಪ್ರಿಪ್ರಿಂಟ್ (ವಿಮರ್ಶೆಗೆ ಮೊದಲಿನ ಪ್ರತಿ), ವರದಿ ಎಲ್ಲವನ್ನೂ ಎಣಿಸುತ್ತದೆ. ಕಾಲೇಜಿನ ಪುಟದಲ್ಲಿ ಉಲ್ಲೇಖ ಸಂಖ್ಯೆ (ನಿಮ್ಮ ಲೇಖನಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದು) ಬರೆಯುವಾಗ ಎಲ್ಲಿಂದ ತೆಗೆದದ್ದು, ಯಾವ ತಿಂಗಳಿನದು ಎಂದು ಪಕ್ಕದಲ್ಲಿ ಬರೆಯಿರಿ. ಎನ್‌ಐಆರ್‌ಎಫ್ (ಕೇಂದ್ರ ಸರ್ಕಾರದ) ಶ್ರೇಯಾಂಕಕ್ಕೆ ಸ್ಕೋಪಸ್ ಮತ್ತು ಅಂಥದೇ ಇನ್ನೊಂದು ಸೂಚಿಯಾದ ವೆಬ್ ಆಫ್ ಸೈನ್ಸ್ ಅಂಕಿಗಳು ಬಳಕೆಯಾಗುತ್ತವೆ, ನ್ಯಾಕ್‌ನ ಡಿವಿವಿ (ಕೊಟ್ಟ ಮಾಹಿತಿಯನ್ನು ಪರಿಶೀಲಿಸುವ) ಹಂತದಲ್ಲಿ ಲೇಖನದ ಲಿಂಕ್ ಕೇಳುತ್ತಾರೆ. ಪ್ರತಿ ಲೇಖನದ ಮುಂದೆ ಡಿಒಐ ಲಿಂಕ್ ಇದ್ದರೆ ಆ ಕೆಲಸದ ಬಹುಪಾಲು ಮುಗಿದಂತೆಯೇ.

ಪ್ರಶ್ನೆ: ನನ್ನ ಹೆಸರಿನ ಹಿಂದೆ ಊರು ಮತ್ತು ತಂದೆಯ ಹೆಸರಿನ ಇನಿಶಿಯಲ್ ಇವೆ. ಸ್ಕೋಪಸ್‌ನಲ್ಲಿ ನನ್ನದೇ ಮೂರು ಪ್ರೊಫೈಲ್ ಕಾಣುತ್ತಿವೆ. ಒಂದು ಮಾಡುವುದು ಹೇಗೆ?
— ಸಹ ಪ್ರಾಧ್ಯಾಪಕ, ಎಂಜಿನಿಯರಿಂಗ್ ಕಾಲೇಜು, ದಾವಣಗೆರೆ

ಉತ್ತರ: ನಮ್ಮ ಕಡೆಯ ಹೆಸರುಗಳಿಗೂ ಪ್ರಕಾಶಕರ ಫಾರ್ಮಿಗೂ ಹೊಂದಿಕೆಯಾಗುವುದಿಲ್ಲ. ಫಾರ್ಮು ಕೇಳುವುದು ಫಸ್ಟ್ ನೇಮ್, ಲಾಸ್ಟ್ ನೇಮ್. ಶಿವಕುಮಾರ ಎಚ್. ಎಂ. ಎಂಬವರು ಒಮ್ಮೆ ಲಾಸ್ಟ್ ನೇಮ್ ಜಾಗದಲ್ಲಿ ಎಚ್. ಎಂ. ಎಂದು ತುಂಬಿದರೆ ಆ ಲೇಖನದ ಲೇಖಕರು ‘ಎಚ್. ಎಂ., ಎಸ್.’ ಆಗುತ್ತಾರೆ. ಇನ್ನೊಮ್ಮೆ ಶಿವಕುಮಾರ ಎಂದು ತುಂಬಿದರೆ ‘ಶಿವಕುಮಾರ, ಎಚ್. ಎಂ.’ ಆಗುತ್ತಾರೆ. ಯಂತ್ರಕ್ಕೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು. ಇದರ ಮೇಲೆ ಇಂಗ್ಲಿಷ್ ಕಾಗುಣಿತದ ಗೊಂದಲ. ಮಂಜುನಾಥದ ಕೊನೆಯ ‘ಎ’ ಇರುವುದು, ಇಲ್ಲದಿರುವುದು. ಲಕ್ಷ್ಮಿಯನ್ನು ಎಕ್ಸ್ ಹಾಕಿ ಬರೆಯುವುದು, ಹಾಕದೆ ಬರೆಯುವುದು. ಗೌಡ ಎಂಬುದರಲ್ಲಿ ‘ಡಬ್ಲ್ಯೂ’ ಅಥವಾ ‘ಯು’.

ಒಂದು ರೂಪ ಆರಿಸಿ, ಮುಂದೆ ಅದನ್ನು ಬದಲಿಸಬೇಡಿ. ಹೆಚ್ಚು ಲೇಖನಗಳು ಈಗಾಗಲೇ ಯಾವ ರೂಪದಲ್ಲಿವೆಯೋ ಅದೇ ಸೂಕ್ತ. ಹೊಸಬರಾದರೆ ನಿಮ್ಮ ಸ್ವಂತ ಹೆಸರನ್ನು ಲಾಸ್ಟ್ ನೇಮ್ ಜಾಗದಲ್ಲಿ, ಇನಿಶಿಯಲ್‌ಗಳನ್ನು ಫಸ್ಟ್ ನೇಮ್ ಜಾಗದಲ್ಲಿ ಹಾಕಿ. ಆಗ ನಿಮ್ಮನ್ನು ಉಲ್ಲೇಖಿಸುವವರು ನಿಮ್ಮ ಹೆಸರಿನಿಂದಲೇ ಉಲ್ಲೇಖಿಸುತ್ತಾರೆ, ಊರಿನ ಮೊದಲ ಅಕ್ಷರದಿಂದಲ್ಲ. ಹಳೆಯ ಎಲ್ಲ ರೂಪಗಳನ್ನೂ, ಮದುವೆಗೆ ಮುಂಚಿನ ಹೆಸರಿದ್ದರೆ ಅದನ್ನೂ, ಕನ್ನಡ ಲಿಪಿಯ ಹೆಸರನ್ನೂ ಆರ್ಕಿಡ್‌ನ ‘ಆಲ್ಸೋ ನೋನ್ ಆ್ಯಸ್’ ಜಾಗದಲ್ಲಿ ಸೇರಿಸಿ.

ಸ್ಕೋಪಸ್‌ನ ಮೂರನ್ನು ಒಂದಾಗಿಸಲು ‘ಆಥರ್ ಫೀಡ್‌ಬ್ಯಾಕ್ ವಿಝರ್ಡ್’ ಇದೆ. ಕಾಲೇಜಿಗೆ ಚಂದಾ ಇರಬೇಕಿಲ್ಲ. ಹೆಸರಿನ ಪ್ರತಿಯೊಂದು ರೂಪವನ್ನೂ ಹುಡುಕಿ, ನಿಮ್ಮವೆಂದು ಖಚಿತವಾದ ಪ್ರೊಫೈಲ್‌ಗಳಿಗೆ ಗುರುತು ಹಾಕಿ, ಮುಂದಿನ ಪರದೆಯಲ್ಲಿ ಲೇಖನ ಒಂದೊಂದನ್ನೂ ಓದಿ ನಿಮ್ಮದಲ್ಲದ್ದನ್ನು ತೆಗೆದು ಸಲ್ಲಿಸಿ. ತಿದ್ದುಪಡಿ ಅಂದೇ ಕಾಣುವುದಿಲ್ಲ, ವಾರಗಟ್ಟಲೆ ಹಿಡಿಯಬಹುದು. ಆದ್ದರಿಂದ ಕೊನೆಯ ದಿನಾಂಕ ಎದುರಿಗಿದ್ದರೆ ಇದನ್ನು ಇವತ್ತೇ ಕಳಿಸಿ, ಬೇರೆಯದನ್ನು ಆಮೇಲೆ ಮಾಡಿ. ಎರಡು ಆರ್ಕಿಡ್ ಸಂಖ್ಯೆ ಇದ್ದವರು ಉಳಿಸಿಕೊಳ್ಳುವ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ‘ರಿಮೂವ್ ಎ ಡೂಪ್ಲಿಕೇಟ್ ರೆಕಾರ್ಡ್’ ಬಳಸಿ. ಹಳೆಯ ಸಂಖ್ಯೆ ಹುಡುಕಿದವರು ಹೊಸದಕ್ಕೆ ಬರುತ್ತಾರೆ. ಆದರೆ ಹಳೆಯದರಲ್ಲಿದ್ದ ಲೇಖನಗಳು ಜೊತೆಗೆ ಬರುವುದಿಲ್ಲ. ಮೊದಲೇ ಅವನ್ನು ಹೊಸದರಲ್ಲಿ ಸೇರಿಸಿಕೊಂಡಿರಬೇಕು.

ಪ್ರಶ್ನೆ: ನಾನು ರಸಾಯನಶಾಸ್ತ್ರದವಳು. ನನ್ನ ಗೂಗಲ್ ಸ್ಕಾಲರ್ ಪುಟದಲ್ಲಿ ಹೃದ್ರೋಗದ ಲೇಖನಗಳು ಬಂದು ಕೂತಿವೆ. ನನ್ನದೇ ಒಂದು ಲೇಖನ ಎರಡು ಸಲ ಇದೆ.
— ಸಹಾಯಕ ಪ್ರಾಧ್ಯಾಪಕಿ, ತುಮಕೂರು

ಉತ್ತರ: ನಿಮ್ಮ ಪುಟದಲ್ಲಿ ‘ತಾನಾಗಿ ಅಪ್‌ಡೇಟ್ ಮಾಡು’ ಎಂಬ ಆಯ್ಕೆ ಇದೆ. ನಿಮ್ಮ ಹೆಸರಿನ ಇನ್ನೊಬ್ಬರ ಲೇಖನಗಳನ್ನು ಅದು ನಿಮ್ಮವೆಂದು ಊಹಿಸಿ ಸೇರಿಸಿದೆ. ಲೇಖನಗಳ ಪಟ್ಟಿಯ ಮೇಲಿನ ಪ್ಲಸ್ ಗುರುತು ಒತ್ತಿ, ಕಾನ್ಫಿಗರ್‌ಗೆ ಹೋಗಿ, ಬದಲಾವಣೆಗಳನ್ನು ಮೊದಲು ಇಮೇಲ್‌ಗೆ ಕಳಿಸು ಎಂಬುದನ್ನು ಆರಿಸಿ. ಕುಮಾರ್, ರಾವ್, ಪಾಟೀಲ್, ಹೆಗಡೆ ಮುಂತಾದ ಎಲ್ಲೆಡೆ ಇರುವ ಹೆಸರಿನವರಿಗೆಲ್ಲ ಇದೇ ಕ್ಷೇಮ. ತಪ್ಪು ಲೇಖನಗಳಿಗೆ ಗುರುತು ಹಾಕಿ ಡಿಲೀಟ್ ಮಾಡಿ. ಅವು ಟ್ರ್ಯಾಶ್‌ಗೆ ಹೋಗುತ್ತವೆ, ಅವಸರದಲ್ಲಿ ನಿಮ್ಮದೇ ಹೋದರೆ ಅಲ್ಲಿಂದ ವಾಪಸು ತರಬಹುದು.

ಎರಡು ಸಲ ಬಂದಿರುವುದನ್ನು ಅಳಿಸಬೇಡಿ. ಅಳಿಸಿದರೆ ಅದಕ್ಕೆ ಬಂದ ಉಲ್ಲೇಖಗಳೂ ನಿಮ್ಮ ಲೆಕ್ಕದಿಂದ ಹೋಗುತ್ತವೆ. ಎರಡಕ್ಕೂ ಗುರುತು ಹಾಕಿ ಮರ್ಜ್ ಒತ್ತಿ, ಸರಿಯಾದ ವಿವರವಿರುವ ರೂಪ ಆರಿಸಿ. ವಿಲೀನವಾದ ಮೇಲೆ ಉಲ್ಲೇಖ ಸಂಖ್ಯೆಯ ಪಕ್ಕ ನಕ್ಷತ್ರ ಚಿಹ್ನೆ ಬರಬಹುದು, ಎಣಿಕೆಯಲ್ಲಿ ಬೇರೆ ರೂಪಗಳೂ ಸೇರಿವೆ ಎಂಬ ಸೂಚನೆ ಅದು. ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಎಚ್-ಇಂಡೆಕ್ಸ್ (ಉಲ್ಲೇಖಗಳ ಆಧಾರದ ಅಳತೆ) ಏರಿಸಲೆಂದು ಬೇರೆ ಬೇರೆ ಲೇಖನಗಳನ್ನು ಒಂದು ಮಾಡುವುದು, ಬೇರೆಯವರ ಲೇಖನ ಬಂದದ್ದು ಗೊತ್ತಿದ್ದೂ ಬಿಟ್ಟುಕೊಂಡಿರುವುದು ಅಪ್ರಾಮಾಣಿಕತೆ. ನಕ್ಷತ್ರ ಚಿಹ್ನೆ ಒತ್ತಿ ನೋಡಿದವರಿಗೆ ಅದು ತಕ್ಷಣ ತಿಳಿಯುತ್ತದೆ ಕೂಡ.

ಪ್ರಶ್ನೆ: ಕನ್ನಡ ವಿಭಾಗದಲ್ಲಿದ್ದೇನೆ. ನನ್ನ ಬರಹಗಳೆಲ್ಲ ಅಭಿನಂದನ ಗ್ರಂಥ, ವಿಚಾರ ಸಂಕಿರಣದ ಸಂಪುಟ, ವಿಶ್ವವಿದ್ಯಾಲಯದ ಪತ್ರಿಕೆಗಳಲ್ಲಿವೆ. ಒಂದಕ್ಕೂ ಡಿಒಐ ಇಲ್ಲ. ಹುಡುಕಿದರೆ ಒಂದೂ ಸಿಗುವುದಿಲ್ಲ. ನಮ್ಮಂಥವರು ಏನು ಮಾಡಬೇಕು?
— ಸಹ ಪ್ರಾಧ್ಯಾಪಕ, ಧಾರವಾಡ

ಉತ್ತರ: ನಮಗೆ ಬಂದ ಪ್ರಶ್ನೆಗಳಲ್ಲಿ ಇದು ಮುಖ್ಯವಾದದ್ದು. ಇಲ್ಲಿ ಕೆಲಸ ಎರಡು: ಬರಹವನ್ನು ದಾಖಲಿಸುವುದು, ಅದು ಹುಡುಕಿದವರಿಗೆ ಸಿಗುವಂತೆ ಮಾಡುವುದು.

ದಾಖಲಿಸಲು ಆರ್ಕಿಡ್‌ನಲ್ಲಿ ‘ಆ್ಯಡ್ ಮ್ಯಾನ್ಯುಯಲಿ’ ಆರಿಸಿ. ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಅನುವಾದಿತ ಶೀರ್ಷಿಕೆಗೆ ಬೇರೆ ಜಾಗ ಇದೆ, ಇಂಗ್ಲಿಷ್ ರೂಪ ಅಲ್ಲಿರಲಿ. ಕನ್ನಡ ಬಾರದ ಪರಿಶೀಲಕರಿಗೂ ವಿಷಯ ಏನೆಂದು ತಿಳಿಯುತ್ತದೆ. ಪುಸ್ತಕದ ಐಎಸ್‌ಬಿಎನ್ ಅಥವಾ ಪತ್ರಿಕೆಯ ಐಎಸ್‌ಎಸ್‌ಎನ್ ಕೊಡುವಾಗ ಸಂಬಂಧ ಯಾವುದು ಎಂದು ಕೇಳುತ್ತದೆ. ಬರಹ ಪುಸ್ತಕದ ಒಂದು ಅಧ್ಯಾಯವಾದರೆ ‘ಪಾರ್ಟ್ ಆಫ್’ ಎಂದೇ ಆರಿಸಬೇಕು. ‘ಸೆಲ್ಫ್’ ಎಂದು ಬಿಟ್ಟರೆ ಒಂದೇ ಸಂಪುಟದಲ್ಲಿರುವ ನಿಮ್ಮ ಎರಡು ಲೇಖನಗಳನ್ನು ಆರ್ಕಿಡ್ ಒಂದೇ ಕೃತಿಯ ಎರಡು ನಕಲು ಎಂದು ತಿಳಿದು ಒಂದರ ಹಿಂದೆ ಇನ್ನೊಂದನ್ನು ಅಡಗಿಸುತ್ತದೆ. ಪಿಎಚ್‌.ಡಿ. ಪ್ರಬಂಧ ಶೋಧಗಂಗಾದಲ್ಲಿ (ಪ್ರಬಂಧಗಳ ಆನ್‌ಲೈನ್ ಭಂಡಾರ) ಇದ್ದರೆ ಅದಕ್ಕೆ 10603 ಎಂದು ಶುರುವಾಗುವ ಹ್ಯಾಂಡಲ್ ಸಂಖ್ಯೆ ಇರುತ್ತದೆ. ಡಿಒಐ ಇಲ್ಲದಿದ್ದರೂ ಅದೇ ಶಾಶ್ವತ ಕೊಂಡಿ.

ಸಿಗುವಂತೆ ಮಾಡುವುದು ಇದಕ್ಕಿಂತ ಹೆಚ್ಚು ಕೆಲಸ. ಇಂಟರ್‌ನೆಟ್‌ನಲ್ಲಿರುವ ಎಷ್ಟೋ ಕನ್ನಡ ಪಿಡಿಎಫ್‌ಗಳು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳಲ್ಲಿ ಪೇಜ್‌ಮೇಕರ್‌ನಲ್ಲಿ ಕಟ್ಟಿದವು. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಕಡತದ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಆದ್ದರಿಂದ ‘ವಚನ’ ಎಂದು ಹುಡುಕಿದವರಿಗೆ ನಿಮ್ಮ ವಚನ ಸಾಹಿತ್ಯದ ಲೇಖನ ಸಿಗುವುದಿಲ್ಲ. ಪರೀಕ್ಷೆ ಸುಲಭ: ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡ ಬಂದರೆ ಯೂನಿಕೋಡ್. ಅರ್ಥವಿಲ್ಲದ ಅಕ್ಷರಗಳು ಬಂದರೆ ಹಳೆಯ ಫಾಂಟ್. ಕಾಪಿಯೇ ಆಗದಿದ್ದರೆ ಬರೀ ಸ್ಕ್ಯಾನ್ ಚಿತ್ರ.

ಹಳೆಯ ಫಾಂಟಾದರೆ ಡಿಟಿಪಿಯವರಿಂದ ಮೂಲ ಕಡತ ತರಿಸಿ ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಎರಡೆರಡು ಒತ್ತಿರುವ ಅಕ್ಷರಗಳು, ಉದ್ಧರಣ ಚಿಹ್ನೆ, ನಡುವೆ ಬಂದ ಇಂಗ್ಲಿಷ್ ಪದಗಳು, ಈ ನಾಲ್ಕನ್ನು ಕಣ್ಣಿಟ್ಟು ನೋಡಿ, ಕೆಡುವುದು ಹೆಚ್ಚಾಗಿ ಅಲ್ಲೇ. ಅಚ್ಚಿನ ಪ್ರತಿ ಮಾತ್ರ ಉಳಿದಿದ್ದರೆ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಅದು ಕನ್ನಡ ಅಕ್ಷರಗಳನ್ನು ಗುರುತಿಸಿ ಪಠ್ಯ ಕೊಡುತ್ತದೆ. ಅಡಿಟಿಪ್ಪಣಿಗಳು ಮೈಬರಹದ ನಡುವೆ ನುಗ್ಗಿರುತ್ತವೆ, ಕರಡು ತಿದ್ದದೆ ಬಳಸುವಂತಿಲ್ಲ.

ಗೂಗಲ್ ಸ್ಕಾಲರ್‌ಗೆ ಸಿಗಬೇಕಾದರೆ ಒಂದು ಕಡತದಲ್ಲಿ ಒಂದೇ ಲೇಖನ, ಗಾತ್ರ 5 ಎಂಬಿ ಒಳಗೆ, ಮೊದಲ ಪುಟದ ಮೇಲ್ಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ಶೀರ್ಷಿಕೆ, ಅದರ ಕೆಳಗೇ ಲೇಖಕರ ಹೆಸರು, ಕೊನೆಯಲ್ಲಿ ಗ್ರಂಥಋಣದ ಭಾಗ ಇರಬೇಕು. 400 ಪುಟದ ಇಡೀ ಸಂಪುಟವನ್ನು ಒಂದೇ ಪಿಡಿಎಫ್ ಮಾಡಿ ಏರಿಸಿದರೆ ಅದರೊಳಗಿನ ಲೇಖಕರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಪ್ರಕಾಶಕರ, ಸಂಪಾದಕರ ಒಪ್ಪಿಗೆ ಪಡೆದು ವಿಶ್ವವಿದ್ಯಾಲಯದ ಡಿಜಿಟಲ್ ಭಂಡಾರದಲ್ಲೋ ಝೆನೋಡೋದಲ್ಲೋ ಹಾಕಿ. ಯುರೋಪಿನ ಸರ್ನ್ ಸಂಸ್ಥೆ ನಡೆಸುವ ಝೆನೋಡೋ ಶುಲ್ಕವಿಲ್ಲದೆ ಡಿಒಐ ಕೊಡುತ್ತದೆ. ಲೇಖನಕ್ಕೆ ಮೊದಲೇ ಡಿಒಐ ಇದ್ದರೆ ಅದನ್ನೇ ನಮೂದಿಸಿ, ಎರಡನೆಯದನ್ನು ಪಡೆಯಬೇಡಿ. ಗೂಗಲ್ ಸ್ಕಾಲರ್ ಪುಟಕ್ಕೆ ಕೈಯಾರೆ ಲೇಖನ ಸೇರಿಸಲೂ ಬರುತ್ತದೆ, ಆದರೆ ಅದು ನಿಮ್ಮ ಪುಟದಲ್ಲಷ್ಟೇ ಕಾಣುತ್ತದೆ, ಹುಡುಕಾಟದಲ್ಲಿ ಬರುವುದಿಲ್ಲ.

ಕೆಲಸ ಬಹಳ ಎನಿಸಿದರೆ ವಿದ್ಯಾರ್ಥಿಗಳು ಜೆರಾಕ್ಸ್ ಕೇಳಿಕೊಂಡು ಬರುವ ಲೇಖನಗಳಿಂದ ಶುರು ಮಾಡಿ.

ಪ್ರಶ್ನೆ: ಅತಿಥಿ ಉಪನ್ಯಾಸಕಿ. ವರ್ಷ ವರ್ಷ ಕಾಲೇಜು ಬದಲಾಗುತ್ತದೆ, ಕಾಲೇಜಿನ ಇಮೇಲ್ ಕೊಡುವುದಿಲ್ಲ. ಪ್ರೊಫೈಲ್ ಇಟ್ಟುಕೊಂಡು ಪ್ರಯೋಜನ ಇದೆಯೇ?
— ಉಪನ್ಯಾಸಕಿ, ಕೊಪ್ಪಳ

ಉತ್ತರ: ಖಾಯಂ ಹುದ್ದೆಯವರಿಗಿಂತ ನಿಮಗೇ ಹೆಚ್ಚು ಬೇಕು. ಆರ್ಕಿಡ್‌ಗೆ ಸ್ವಂತ ಇಮೇಲ್ ಸಾಕು. ಪ್ರತಿ ಅವಧಿಯನ್ನೂ ಬೇರೆ ನಮೂದಾಗಿ, ಶುರು ಮತ್ತು ಕೊನೆಯ ತಿಂಗಳು ಹಾಕಿ ಸೇರಿಸಿ. ಹಳೆಯ ಕಾಲೇಜಿನ ಹೆಸರನ್ನೇ ಅಳಿಸಿ ಹೊಸದನ್ನು ಬರೆಯಬೇಡಿ, ಹಾಗೆ ಮಾಡಿದರೆ ಹಿಂದಿನ ಸೇವೆಯ ಗುರುತೇ ಉಳಿಯುವುದಿಲ್ಲ. ವರ್ಗಾವಣೆಯಾದವರಿಗೂ ಇದೇ ಕ್ರಮ. ಗೂಗಲ್ ಸ್ಕಾಲರ್ ಪುಟವನ್ನು ಸ್ವಂತ ಜಿಮೇಲ್‌ನಿಂದ ತೆರೆಯಿರಿ. ಸಂಸ್ಥೆಯ ಇಮೇಲ್ ದೃಢಪಡಿಸದಿದ್ದರೆ ಪುಟ ಹುಡುಕಾಟದಲ್ಲಿ ಬರುವುದಿಲ್ಲ, ಆದರೆ ಸಾರ್ವಜನಿಕ ಎಂದು ಇಟ್ಟರೆ ಲಿಂಕ್ ಇದ್ದವರು ನೋಡಬಹುದು. ಬಯೋಡೇಟಾದಲ್ಲಿ ಆ ಲಿಂಕ್ ಕೊಡಿ. ಕಾಲೇಜಿನ ಗೂಗಲ್ ಖಾತೆಯಿಂದಲೇ ಸ್ಕಾಲರ್ ಪುಟ ತೆರೆದಿರುವವರು ನಿವೃತ್ತಿಗೆ, ವರ್ಗಾವಣೆಗೆ ಮೊದಲೇ ಅದನ್ನು ಸ್ವಂತ ಖಾತೆಗೆ ವರ್ಗಾಯಿಸಿಕೊಳ್ಳಿ. ಕಾಲೇಜು ಖಾತೆ ಮುಚ್ಚಿದರೆ ಪುಟವೂ ಕೈತಪ್ಪುತ್ತದೆ.

ಲೇಖನದಲ್ಲಿ ಯಾವ ಕಾಲೇಜಿನ ಹೆಸರು ಹಾಕಬೇಕೆಂದು ಹಲವರು ಕೇಳಿದ್ದಾರೆ. ಕೆಲಸ ಎಲ್ಲಿ ನಡೆಯಿತೋ ಅಲ್ಲಿನದು. ಈಗಿನ ವಿಳಾಸ ಅಡಿಟಿಪ್ಪಣಿಯಲ್ಲಿ.

ಪ್ರಶ್ನೆ: ಪೇಟೆಂಟ್ ಪ್ರಕಟವಾಗಿದೆ. ಪ್ರೊಫೈಲ್‌ನಲ್ಲಿ ‘ಪೇಟೆಂಟ್ ಪಡೆದಿದ್ದಾರೆ’ ಎಂದು ಬರೆಯಬಹುದೇ?
— ಸಹಾಯಕ ಪ್ರಾಧ್ಯಾಪಕ, ಬೆಳಗಾವಿ

ಉತ್ತರ: ಬರೆಯುವಂತಿಲ್ಲ. ನಮ್ಮ ದೇಶದಲ್ಲಿ ಸಲ್ಲಿಸಿದ ಅರ್ಜಿ ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟವಾಗುತ್ತದೆ, ಫಾರ್ಮ್ 9 ಕೊಟ್ಟರೆ ಇನ್ನೂ ಬೇಗ. ಪ್ರಕಟವಾಯಿತೆಂದರೆ ಅರ್ಜಿ ಎಲ್ಲರ ಕಣ್ಣಿಗೆ ಬಿತ್ತು, ಅಷ್ಟೇ. ಅದರಲ್ಲಿ ಹೊಸತನ ಇದೆಯೇ ಎಂದು ಇನ್ನೂ ಯಾರೂ ಪರೀಕ್ಷಿಸಿಲ್ಲ. ಪರೀಕ್ಷೆಗೆ ಫಾರ್ಮ್ 18 ಪ್ರತ್ಯೇಕವಾಗಿ ಕೊಡಬೇಕು. ಅವಧಿಯೊಳಗೆ ಕೊಡದಿದ್ದರೆ ಅರ್ಜಿ ಹಿಂಪಡೆದಂತೆ. ಸಲ್ಲಿಸಿದೆ, ಪ್ರಕಟವಾಗಿದೆ, ಮಂಜೂರಾಗಿದೆ ಎಂಬ ಮೂರರಲ್ಲಿ ಯಾವುದೋ ಅದನ್ನೇ ದಿನಾಂಕದೊಂದಿಗೆ ಬರೆಯಿರಿ.

ಅರ್ಜಿ ಸಂಖ್ಯೆ 12 ಅಂಕಿಯದು: ಮೊದಲ ನಾಲ್ಕು ವರ್ಷ, ಐದನೆಯದು ಕಚೇರಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುವುದರಿಂದ ಅಲ್ಲಿ 4 ಇರುತ್ತದೆ. ಮಂಜೂರಾದ ಪೇಟೆಂಟ್‌ನ ಸಂಖ್ಯೆಯೇ ಬೇರೆ. ‘ಪೇಟೆಂಟ್ ಸಂಖ್ಯೆ’ ಎಂದು 12 ಅಂಕಿ ಬರೆದಿದ್ದರೆ ತಿಳಿದವರು ಒಂದೇ ನೋಟಕ್ಕೆ ಗುರುತಿಸುತ್ತಾರೆ. ವಿನ್ಯಾಸ ನೋಂದಣಿ, ಅದು ಯಾವ ದೇಶದ್ದಾದರೂ, ಪೇಟೆಂಟ್ ಅಲ್ಲ. ಬೇರೆ ತಲೆಬರಹದಡಿ ಬರೆಯಿರಿ.

ಪ್ರಶ್ನೆ: ಕಾಲೇಜಿನ ವೆಬ್‌ಸೈಟ್‌ಗೆ ಎಲ್ಲರ ಬಯೋಡೇಟಾ ಪಿಡಿಎಫ್ ಕೇಳಿದ್ದಾರೆ. ಏನೇನು ಇರಬೇಕು?
— ಗ್ರಂಥಪಾಲಕರು, ಶಿವಮೊಗ್ಗ

ಉತ್ತರ: ಏನೇನು ಇರಬಾರದು ಎಂಬುದು ಮೊದಲು. ಹುಟ್ಟಿದ ದಿನಾಂಕ, ತಂದೆ ಅಥವಾ ಗಂಡನ ಹೆಸರು, ಮನೆ ವಿಳಾಸ, ಸ್ವಂತ ಮೊಬೈಲ್ ಸಂಖ್ಯೆ, ಆಧಾರ್, ಪ್ಯಾನ್, ಜಾತಿ, ಸ್ಕ್ಯಾನ್ ಮಾಡಿದ ಸಹಿ. ನೇಮಕಾತಿ ಅರ್ಜಿಯ ಬಯೋಡೇಟಾವನ್ನೇ ವೆಬ್‌ಸೈಟ್‌ಗೂ ಕೊಡುವುದರಿಂದ ಇವೆಲ್ಲ ಸಾರ್ವಜನಿಕವಾಗುತ್ತವೆ. ಹೆಸರು, ಹುಟ್ಟಿದ ದಿನ, ಮೊಬೈಲ್, ಸಹಿ ಒಂದೇ ಕಡತದಲ್ಲಿ ಸಿಕ್ಕರೆ ವಂಚಕರಿಗೆ ಬೇರೇನೂ ಬೇಕಿಲ್ಲ. ವೆಬ್‌ಸೈಟ್‌ನಿಂದ ತೆಗೆದ ಮೇಲೂ ಹಳೆಯ ಪಿಡಿಎಫ್ ಸರ್ವರ್‌ನಲ್ಲಿ ಉಳಿದು ಹುಡುಕಾಟದಲ್ಲಿ ಬರುತ್ತಿರುತ್ತದೆ. ಲಿಂಕ್ ತೆಗೆದರೆ ಸಾಲದು, ಕಡತವನ್ನೇ ಅಳಿಸಲು ವೆಬ್‌ಸೈಟ್ ನೋಡಿಕೊಳ್ಳುವವರಿಗೆ ಹೇಳಿ.

ಇರಬೇಕಾದ್ದು: ಹುದ್ದೆ, ವಿಭಾಗ, ಕಾಲೇಜಿನ ಇಮೇಲ್, ಓದು, ಬೋಧಿಸುವ ವಿಷಯಗಳು, ಸಂಶೋಧನಾ ಕ್ಷೇತ್ರ ಎರಡು ಮೂರು ಸಾಲಿನಲ್ಲಿ, ಆರಿಸಿದ ಐದಾರು ಪ್ರಕಟಣೆಗಳು, ಪೂರ್ತಿ ಪಟ್ಟಿಗೆ ಆರ್ಕಿಡ್ ಲಿಂಕ್. ‘12 ವರ್ಷದ ಬೋಧನಾನುಭವ’ ಎಂದು ಬರೆದರೆ ಮುಂದಿನ ವರ್ಷವೇ ಸುಳ್ಳಾಗುತ್ತದೆ. ‘2013ರಿಂದ ಬೋಧನೆ’ ಎಂದು ಬರೆಯಿರಿ, ತಿದ್ದುವ ಕೆಲಸವೇ ಇರುವುದಿಲ್ಲ. ಪಿಡಿಎಫ್ ಬದಲು ಸಾಮಾನ್ಯ ವೆಬ್ ಪುಟ ಮಾಡಿಸಲು ಸಾಧ್ಯವಾದರೆ ಅದೇ ಒಳ್ಳೆಯದು, ಮೊಬೈಲ್‌ನಲ್ಲಿ ಓದುವ ವಿದ್ಯಾರ್ಥಿಗಳಿಗೂ ಅನುಕೂಲ.

ಪ್ರಶ್ನೆ: ಅಚ್ಚಾದ ಲೇಖನದ ಪಿಡಿಎಫ್ ಅನ್ನು ರಿಸರ್ಚ್‌ಗೇಟ್‌ನಲ್ಲಿ ಹಾಕಬಹುದೇ?
— ಸಂಶೋಧನಾ ಮಾರ್ಗದರ್ಶಕರು, ಮೈಸೂರು

ಉತ್ತರ: ಮುಕ್ತ ಪ್ರವೇಶದ ಲೇಖನವಾಗಿ ಅದರ ಪರವಾನಗಿ ಒಪ್ಪಿದರೆ ಹಾಕಬಹುದು. ಹಕ್ಕು ಪ್ರಕಾಶಕರದ್ದಾಗಿದ್ದರೆ ಪತ್ರಿಕೆ ವಿನ್ಯಾಸ ಮಾಡಿದ ಅಂತಿಮ ಪಿಡಿಎಫ್ ಹಾಕುವಂತಿಲ್ಲ. ಪ್ರಕಾಶಕರಾದ ಎಲ್ಸೆವಿಯರ್ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ ಇದೇ ಕಾರಣಕ್ಕೆ 2017ರಲ್ಲಿ ರಿಸರ್ಚ್‌ಗೇಟ್ ಮೇಲೆ ಮೊಕದ್ದಮೆ ಹೂಡಿದ್ದವು, 2023ರಲ್ಲಿ ರಾಜಿಯಾಯಿತು. ವಿಮರ್ಶಕರ ತಿದ್ದುಪಡಿಯ ನಂತರ ಒಪ್ಪಿಗೆಯಾದ ನಿಮ್ಮ ವರ್ಡ್ ಪ್ರತಿಯನ್ನು ಹಾಕಲು ಅನೇಕ ಪ್ರಕಾಶಕರು ಬಿಡುತ್ತಾರೆ, ಕೆಲವರು ಇಷ್ಟು ತಿಂಗಳು ತಡೆಯಿರಿ ಎನ್ನುತ್ತಾರೆ, ಎಲ್ಲಿ ಹಾಕಬಹುದೆಂಬುದರಲ್ಲೂ ವ್ಯತ್ಯಾಸವಿದೆ. ಮೊದಲು ಶೆರ್ಪಾ ರೋಮಿಯೋ ಎಂದು ಹೆಸರಿದ್ದ, ಈಗಿನ ಓಪನ್ ಪಾಲಿಸಿ ಫೈಂಡರ್ ತಾಣದಲ್ಲಿ ಪತ್ರಿಕೆಯ ಹೆಸರು ಹುಡುಕಿದರೆ ನಿಯಮ ಸಿಗುತ್ತದೆ. ಅದಕ್ಕಾಗಿಯೇ ಆ ವರ್ಡ್ ಪ್ರತಿಯನ್ನು ಎಸೆಯದೆ ಇಟ್ಟುಕೊಳ್ಳಿ.

ಪ್ರಶ್ನೆ: ಯುಜಿಸಿ-ಕೇರ್ ಪಟ್ಟಿ ನಿಂತುಹೋಯಿತು. ‘ಕೇರ್ ಪಟ್ಟಿಯ ಪತ್ರಿಕೆ’ ಎಂದು ಬರೆದದ್ದನ್ನು ತೆಗೆಯಬೇಕೇ?
— ಸಹಾಯಕ ಪ್ರಾಧ್ಯಾಪಕ, ಕಲಬುರಗಿ

ಉತ್ತರ: ತೆಗೆಯಬೇಡಿ, ತಿದ್ದಿ. ಮಾನ್ಯ ಸಂಶೋಧನಾ ಪತ್ರಿಕೆಗಳ ಈ ಪಟ್ಟಿಯನ್ನು ಯುಜಿಸಿ 2025ರಲ್ಲಿ ಕೈಬಿಟ್ಟಿತು. ‘ಪ್ರಕಟಣೆಯ ಸಮಯದಲ್ಲಿ ಕೇರ್ ಪಟ್ಟಿಯಲ್ಲಿತ್ತು’ ಎಂದು ಬರೆದು, ಆಗ ತೆಗೆದಿಟ್ಟ ಪರದೆ ಚಿತ್ರವೋ ಪ್ರಿಂಟ್ ಪ್ರತಿಯೋ ಇದ್ದರೆ ಬಡ್ತಿಯ ಕಡತದಲ್ಲಿ ಇರಿಸಿ.

ಪ್ರಶ್ನೆ: ಎಷ್ಟು ದಿನಕ್ಕೊಮ್ಮೆ ನೋಡಬೇಕು?
— ಸಹ ಪ್ರಾಧ್ಯಾಪಕಿ, ಮಂಗಳೂರು

ಉತ್ತರ: ಲೇಖನಕ್ಕೆ ಡಿಒಐ ಬಂದ ದಿನ ಆರ್ಕಿಡ್. ಸೆಮಿಸ್ಟರ್ ಮುಗಿದಾಗ ಗೂಗಲ್ ಸ್ಕಾಲರ್, ವಿದ್ವಾನ್, ಕಾಲೇಜಿನ ಪುಟ. ವರ್ಷಕ್ಕೊಮ್ಮೆ ಸ್ಕೋಪಸ್. ಪುಟದಲ್ಲಿರುವ ಲಿಂಕ್‌ಗಳನ್ನು ಲಾಗಿನ್ ಆಗದ ಬ್ರೌಸರ್‌ನಲ್ಲಿ, ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆದು ನೋಡಿ. ನಿಮಗೆ ಕಾಣುವುದೆಲ್ಲ ಹೊರಗಿನವರಿಗೆ ಕಾಣುವುದಿಲ್ಲ.

ಮಾರ್ಗದರ್ಶಕರು ಪಿಎಚ್‌.ಡಿ. ಪ್ರವೇಶದ ಪ್ರಕಟಣೆ ಹೊರಡುವ ಮೊದಲೂ ಒಮ್ಮೆ ತಿದ್ದಬೇಕು. ಯುಜಿಸಿಯ 2022ರ ನಿಯಮದಂತೆ ಒಬ್ಬ ಪ್ರೊಫೆಸರ್ ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಎಷ್ಟು ಮಂದಿ ಪದವಿ ಪಡೆದಿದ್ದಾರೆ, ಎಷ್ಟು ಮಂದಿ ಈಗ ಇದ್ದಾರೆ, ಎಷ್ಟು ಸ್ಥಾನ ಖಾಲಿ ಇದೆ ಎಂದು ಬೇರೆ ಬೇರೆಯಾಗಿ ಬರೆಯಿರಿ. ದೂರದ ಊರಿನಿಂದ ಗೈಡ್ ಹುಡುಕಿಕೊಂಡು ಬರುವ ವಿದ್ಯಾರ್ಥಿಗೆ ಬಸ್ ಹತ್ತುವ ಮೊದಲೇ ತಿಳಿಯಬೇಕಾದ್ದು ಆ ಮೂರನೆಯ ಸಂಖ್ಯೆ.